ಪೆಟ್ಟಿಗೆ ಮೇಲಿನ ಕೋಳಿಮರಿ

ಹಾಡಿನಲ್ಲಿ ಕೋಳಿಮರಿ ಇರಲಿಲ್ಲ.

ಜೆನಲಿನ್ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡಳು. ಹಾಡು ಮುಗಿಯಿತು. ಮತ್ತೆ ಹಾಕಿಸಿದಳು. ಆಗಲೂ ಇಲ್ಲ. ತಮ್ಮ ಎಲ್ಮರನ ದನಿ ಇತ್ತು. ಅದರ ಹಿಂದೆ ಯಾವುದೋ ಪಿಯಾನೊ ಅಳುತ್ತಿತ್ತು. ಅದನ್ನು ಅಳಲು ಕರೆದವರು ಯಾರೋ ಅವಳಿಗೆ ತಿಳಿಯಲಿಲ್ಲ.

"ಮರಿ ಎಲ್ಲಿ ಸಾರ್?"

ಸ್ಟುಡಿಯೊದ ಯಜಮಾನ ಜಿಗ್ಸ್ ತಿರುಗುಕುರ್ಚಿಯಲ್ಲಿ ಅರ್ಧ ತಿರುಗಿದ. "ಯಾವ ಮರಿ?"

"ಕೋಳಿಮರಿ. ಕೊನೇ ಹಾಡಲ್ಲಿ ಚಿಂವ್ ಚಿಂವ್ ಅಂತಿತ್ತಲ್ಲ."

"ಓ, ಅದಾ! ಗಲೀಜು ಸದ್ದು ಕಣಮ್ಮಾ. ತೆಗ್ಸಿದೀನಿ. ಈಗ ಕೇಳು, ಎಷ್ಟು ಚೊಕ್ಕಟವಾಗಿದೆ."

ಚೊಕ್ಕಟವಂತೆ. ಆ ಮಾತು ಆಡುವವನು ಒಮ್ಮೆ ಜೆನಲಿನಳ ಕೈ ನೋಡಬೇಕಿತ್ತು. ಚಿಕ್ಕಂದಿನಿಂದ ಮೀನಿನ ಹೊಟ್ಟೆ ಸೀಳಿದ ಕೈ. ಐಸುನೀರಲ್ಲಿ ಅದ್ದಿ ಅದ್ದಿ ಬೆರಳ ತುದಿ ಮರಗಟ್ಟಿತ್ತು. ಉಗುರ ಸಂದಿಯ ಹುರುಪೆ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಅವಳು ಬಂದು ಹೋದ ಮೇಲೆ ಜಿಗ್ಸ್ ಆ ಹೆಡ್‌ಫೋನಿಗೆ ಅತ್ತರು ಹೊಡೆಯುತ್ತಿದ್ದ. ಅವಳು ಅದನ್ನು ಒಮ್ಮೆ ಕಣ್ಣಾರೆ ನೋಡಿದ್ದಳು. ನೋಡಿಯೂ ಸುಮ್ಮನಿದ್ದಳು. ಆಲ್ಬಂ ಆಗಬೇಕಿತ್ತಲ್ಲ.

"ಎಲ್ಮರ್ ಹೇಳಿರೋ ಸಾಲುಗಳೂ ಇಲ್ಲ. ಸರಪಳಿ ಸಾಲು."

ಜಿಗ್ಸ್ ಈ ಸಲ ಪೂರ್ತಿ ತಿರುಗಿದ. ಮೂಲೆಯ ಸೋಫಾದಲ್ಲಿ ಕುಳಿತಿದ್ದ ದಿಯೊನಿ ತನ್ನ ಕಾಲ್ಬೆರಳು ನೋಡತೊಡಗಿದ. ಅವನಿಗೆ ಮೊದಲೇ ಗೊತ್ತಿತ್ತು ಎಂದು ಜೆನಲಿನಳಿಗೆ ಆಗ ಅರ್ಥವಾಯಿತು.

ಮನಿಲಾ ಕೊಲ್ಲಿಯ ನಮ್ಮ ಮೀನುಬಂದರಿನಲ್ಲಿ ಜೆನಲಿನ್, ಎಲ್ಮರ್, ದಿಯೊನಿ ಈ ಮೂವರ ತಂಡಕ್ಕೆ 'ಕೊಕ್ಕೆ' ಎಂದು ಹೆಸರು. ದಿಯೊನಿ ಟಬ್ಬು ಎಳೆಯುವವನು. ಮೀನು ತುಂಬಿದ ಟಬ್ಬಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿ, ಒದ್ದೆ ಸಿಮೆಂಟಿನ ಮೇಲೆ ಬಗ್ಗಿಕೊಂಡು ಎಳೆಯುವುದು ಅವನ ಕೆಲಸ. ಎಳೆದೂ ಎಳೆದೂ ಅವನ ಬೆನ್ನು ಮೂವತ್ತಕ್ಕೇ ಮುದುಕನದಾಗಿತ್ತು. ಜೆನಲಿನ್ ಮೀನು ಕೊಯ್ಯುವವಳು. ಎಲ್ಮರ್ ಐಸು ಕಾರ್ಖಾನೆಯಲ್ಲಿ ದಿಮ್ಮಿಗಳನ್ನು ಸರಪಳಿಯಿಂದ ಮೇಲೆತ್ತುವವನು. ಕೆಲಸ ಮಾಡುತ್ತಲೇ ಪದ ಕಟ್ಟಿದರು. ಟಬ್ಬು ಸಿಮೆಂಟಿಗೆ ಉಜ್ಜುವ ಸದ್ದು, ಕೊಕ್ಕೆ ಕಂಬಿಗೆ ಬಡಿಯುವ ಸದ್ದು, ಹಲಗೆಯ ಮೇಲೆ ಚಾಕು ಬೀಳುವ ಸದ್ದು, ಇವೇ ಅವರ ತಾಳ. ಆ ತಾಳಕ್ಕೆ ಮೂವರೂ ಸರದಿಯ ಮೇಲೆ ಮಾತು ಉಗುಳುತ್ತಿದ್ದರು. ಆಲ್ಬಮ್ಮಿಗೆ ಎಲ್ಮರ್ ಇಟ್ಟ ಹೆಸರು 'ಐಸು ಕರಗೋ ಮುಂಚೆ'. ಕೊನೆಯ ಹಾಡಿನ ಕೊನೆಯ ಪದ ಅವನದೇ.

ಐಸು ನಮ್ಮದಲ್ಲ, ಮೀನು ನಮ್ಮದಲ್ಲ,
ಬೆನ್ನು ಮಾತ್ರ ನಮ್ಮದು, ಅದೂ ನೆಟ್ಟಗಿಲ್ಲ.
ಸರಪಳಿಗೆ ತುಕ್ಕು, ಯಜಮಾನಂಗೆ ಗೊತ್ತು,
ತಲೆ ಮೇಲೆ ತೂಗ್ತದೆ ಅವನ ಸೊತ್ತು.
ನಾಳೆ ಬಿದ್ರೆ ಹೇಳ್ತಾನೆ ಜಾರಿ ಬಿತ್ತು ಅಂತ,
ನಮ್ಮವ್ವ ಕೇಳ್ತಾಳೆ, ಜಾರಿಸಿದ್ದು ಯಾರಂತ.

ಬಚ್ಚಲಲ್ಲಿ ಬಕೆಟ್ಟು ಬಡಿದುಕೊಂಡು ಅವನು ಇದನ್ನೇ ಹೇಳುತ್ತಿದ್ದ. ಒಳಗಿನಿಂದ ಅವ್ವ, ಹೆಸರು ಪಾಸಿಂಗ್, ಕೂಗುತ್ತಿದ್ದಳು, "ಲೇ, ನಿನ್ ಸರಪಳಿ ಪುರಾಣ ಸಾಕು. ಬಕೆಟ್ ಒಡ್ದ್ರೆ ನಿನ್ ತಲೇಲಿ ನೀರ್ ತರ್ಸ್ತೀನಿ!"

ಎಲ್ಮರ್ ಸ್ಟುಡಿಯೊಗೆ ಬಂದು ಪದ ಹೇಳಿ ಹೋದ. ಅದೇ ವಾರ ಸರಪಳಿ ಹರಿಯಿತು. ಐಸಿನ ದಿಮ್ಮಿ ಅವನ ಮೇಲೆ ಬಿತ್ತು. ಸರಪಳಿ ಹೋಗಿದೆ, ನಾನು ಎಳೆಯಲ್ಲ ಎಂದು ಅವನು ಬೆಳಿಗ್ಗೆಯೇ ಹೇಳಿದ್ದ. ಎಳಿ, ಇಲ್ಲ ಗೇಟಿನಾಚೆ ನಡಿ ಎಂದು ಮೇಸ್ತ್ರಿ ಹೇಳಿದ್ದ. ಅಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಸಂಜೆಯ ಹೊತ್ತಿಗೆ ಕಾರ್ಖಾನೆ, ಹುಡುಗ ಕುಡಿದಿದ್ದ ಎಂದು ಬರೆದುಕೊಂಡಿತು. ಎಲ್ಮರ್ ಹೆಂಡದ ವಾಸನೆಗೇ ವಾಂತಿ ಮಾಡುತ್ತಿದ್ದ ಹುಡುಗ.

ಕಾರ್ಖಾನೆ ತಿಬುರ್ಸಿಯೊನದು. ಬಂದರಿನವರ ಬಾಯಲ್ಲಿ ಬಾಸ್ ತಿಬು. ಅವನು ಬಿಳಿ ಬಣ್ಣದ ಶವಪೆಟ್ಟಿಗೆ ಕಳಿಸಿದ. ಹೂವು ಕಳಿಸಿದ. ಹೂವಿನ ಮೇಲೆ ತನ್ನ ಹೆಸರಿನ ರಿಬ್ಬನ್ನೂ ಕಳಿಸಿದ. ಮನೆಯಲ್ಲಿ ಹೆಣವಿಟ್ಟರು, ರೂಢಿಯಂತೆ ನೆರೆಯವರು ಕಾಫಿ ಕುಡಿದು ಇಸ್ಪೀಟಾಡಿ ಕಾವಲು ಕೂತರು. ಎರಡನೆಯ ದಿನ ಅವ್ವ ಎದ್ದು ಸಂತೆಗೆ ಹೋದಳು. ಹಳದಿ ಕೋಳಿಮರಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಬಂದಳು. ಪೆಟ್ಟಿಗೆಯ ಗಾಜಿನ ಮೇಲೆ, ಮಗನ ಮುಖದ ನೇರಕ್ಕೆ, ಹಿಡಿ ಅಕ್ಕಿ ಸುರಿದು ಮರಿಯನ್ನು ಬಿಟ್ಟಳು.

ಇಸ್ಪೀಟು ನಿಂತಿತು.

ಕಾಯಿಲೆಯಲ್ಲಿ ಸತ್ತವರಿಗೆ ಯಾರೂ ಮರಿ ಬಿಡುವುದಿಲ್ಲ. ಜಾರಿ ಬಿದ್ದವರಿಗೂ ಇಲ್ಲ. ಕೊಲೆಯಾದವರಿಗೆ ಮಾತ್ರ. ಮರಿ ಗಾಜಿನ ಮೇಲೆ ಅಕ್ಕಿ ಕುಟುಕುತ್ತದೆ. ಒಂದೊಂದು ಕುಟುಕೂ ಕೊಂದವನ ಎದೆಗೆ ಬೀಳುತ್ತದೆ. ಕೋರ್ಟು ಕಚೇರಿ ಹತ್ತಲಾಗದವರ ಕೋರ್ಟು ಅದು. ಅವ್ವ ಒಂದು ಮಾತೂ ಆಡದೆ, ಇಡೀ ಬಂದರಿಗೆ ಕೇಳುವ ಹಾಗೆ, ನನ್ನ ಮಗನನ್ನು ಕೊಂದರು ಎಂದು ಹೇಳಿದ್ದಳು.

ಸಂಜೆಯೊಳಗೆ ತಿಬುವಿನ ಕಡೆಯವರು ಬಂದರು. ಶೂ ಬಿಚ್ಚದೆ ಒಳಗೆ ನಿಂತರು.

"ಅಮ್ಮಾ, ಇದು ಅಪಘಾತ. ಬಾಸ್ ಮೇಯರ್ ಎಲೆಕ್ಷನ್ನಿಗೆ ಬೇರೆ ನಿಂತಿದಾರೆ. ಜನ ತಪ್ಪು ತಿಳ್ಕೋತಾರೆ. ಮರಿ ತೆಗೀರಿ."

"ಅಪಘಾತ ಆಗಿದ್ರೆ ಹೆಬ್ಬೆಟ್ಟಿನಷ್ಟು ಕೋಳಿಮರಿಗೆ ನೀವ್ಯಾಕಪ್ಪ ಹೆದರ್ತೀರಾ?" ಅಂದಳು ಅವ್ವ.

ಮರಿ ಹೂಳುವ ದಿನದವರೆಗೂ ಅಲ್ಲೇ ಇತ್ತು. ಸ್ಟುಡಿಯೊದಿಂದ ತಂದಿದ್ದ ಚಿಕ್ಕ ಯಂತ್ರದಲ್ಲಿ ದಿಯೊನಿ ಅದರ ಸದ್ದು ಹಿಡಿದುಕೊಂಡ. ಗಾಜಿನ ಮೇಲೆ ಟಕ್ ಟಕ್, ನಡುವೆ ಚಿಂವ್ ಚಿಂವ್. ಎಲ್ಮರನ ಪದದ ಕೆಳಗೆ ಅದೊಂದೇ ತಾಳ ಸಾಕು ಎಂದು ಇಬ್ಬರೂ ಒಪ್ಪಿದ್ದರು. ಜಿಗ್ಸನೂ ಅವತ್ತು ತಲೆಯಾಡಿಸಿದ್ದ.

"ನನಗೂ ಗೊತ್ತಮ್ಮಾ ಮರಿ ಅಂದ್ರೇನು ಅಂತ," ಜಿಗ್ಸ್ ಈಗ ದನಿ ಇಳಿಸಿ ಹೇಳಿದ. "ನಮ್ಮಜ್ಜೀನೂ ಹೇಳ್ತಿದ್ಲು. ಆದ್ರೆ ನೀನು ಸ್ವಲ್ಪ ಯೋಚ್ನೆ ಮಾಡು. ಇಷ್ಟು ದಿನ ಸ್ಟುಡಿಯೊ ಪುಕ್ಕಟೆ ಕೊಟ್ಟೆ ಅನ್ಕೊಂಡಿದೀಯಾ? ಇದ್ರ ಹಿಂದೆ ಯಾರಿದಾರೆ?"

"ಯಾರು?"

"ಬಾಸ್ ತಿಬು. ಮೇಯರ್ ಎಲೆಕ್ಷನ್ನಿಗೆ ಬಡವರ ಮಕ್ಕಳ ಹಾಡು ಬೇಕು ಅಂದ್ರು. ಶನಿವಾರ ಅವರ ಸಭೇಲೇ ಆಲ್ಬಂ ಬಿಡುಗಡೆ. ಎಲ್ಮರ್ ಪದ ಮುಗೀತಿದ್ದಂಗೆ ನೀನೂ ದಿಯೊನಿನೂ ಅವರ ಪ್ರಚಾರದ ಹಾಡು ಶುರು ಮಾಡ್ಬೇಕು. ಅಷ್ಟೇ. ಊರಿಗೇ ಊರೇ ನಿಮ್ಮನ್ನ ಕೇಳ್ತದೆ."

ಜೆನಲಿನ್ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟಳು. ತಮ್ಮನನ್ನು ಕೊಂದವನ ಹಣದಲ್ಲಿ ತಮ್ಮನ ದನಿ. ಇಷ್ಟು ದಿನ ಈ ತಣ್ಣನೆಯ ಕೋಣೆಯಲ್ಲಿ ಕುಳಿತು ಅವಳು ಕುಡಿದ ಕಾಫಿಯೂ ಅವನದೇ.

"ಒಲ್ಲೆ ಅಂದ್ರೆ?"

ಜಿಗ್ಸ್ ಸಿಟ್ಟಾಗಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು. "ಒಲ್ಲೆ ಅಂದ್ರೆ ಆಲ್ಬಂ ಇಲ್ಲ. ಎಲ್ಲ ಇದರಲ್ಲೇ ಇರೋದು," ಎಂದು ಮುಂದಿದ್ದ ಯಂತ್ರವನ್ನು ತಟ್ಟಿದ. "ಒಂದು ಗುಂಡಿ ಒತ್ತಿದ್ರೆ ಖಾಲಿ. ಮರಿ ಸದ್ದು ಆಗ್ಲೇ ಅಳಿಸಿದೀನಿ. ಇನ್ನು ಉಳಿದಿರೋದು ನಿನ್ ತಮ್ಮನ ದನಿ. ಅದು ಬೇಕೋ ಬೇಡ್ವೋ, ನೀನೇ ನೋಡು."

ಎಲ್ಮರನ ದನಿ ಬೇರೆಲ್ಲೂ ಇರಲಿಲ್ಲ. ಅವನ ಫೋನು ಐಸಿನ ಕೆಳಗೆ ಅವನ ಜೇಬಿನಲ್ಲೇ ಪುಡಿಯಾಗಿತ್ತು.

ಬೀದಿಗೆ ಬಂದ ಮೇಲೆ ದಿಯೊನಿ ಅವಳ ಹಿಂದೆ ಓಡೋಡಿ ಬಂದ. ಅವನು ಓಡಿದರೆ ಒಂದು ಪಕ್ಕಕ್ಕೆ ವಾಲುತ್ತಿದ್ದ.

"ಅಕ್ಕಾ, ನಿಲ್ಲಕ್ಕಾ. ಬೈಯ್ಯಿ, ಹೊಡಿ, ಆದ್ರೆ ಮಾತಾಡು."

"ನಿಂಗೆ ಗೊತ್ತಿತ್ತು."

"ಗೊತ್ತಿತ್ತು. ಏನ್ ಮಾಡ್ಲಿ? ನೀರಲ್ಲಿದ್ಕೊಂಡು ಮೊಸಳೆ ಜೊತೆ ಹಗೆ ಕಟ್ಕೊಳ್ಳಕ್ಕಾಯ್ತದಾ? ನನ್ ಬೆನ್ನು ನೋಡು. ಇನ್ನೊಂದ್ ವರ್ಷ ಎಳೆದ್ರೆ ನಾನೂ ಪೆಟ್ಟಿಗೇನೇ. ಆಲ್ಬಂ ಮೊದ್ಲು ಹೊರಗೆ ಬರ್ಲಿ. ನಾಲ್ಕು ಜನ ಕೇಳ್ಲಿ. ಆಮೇಲೆ ಸರಪಳಿ ಸಾಲು ಬೇರೆ ಕಡೆ ಹೇಳಣ."

"ಆಮೇಲೆ ಅನ್ನೋದು ಯಾವತ್ತು ಬಂದದೆ ದಿಯೊನಿ, ನಮ್ಗೆ?"

ಇಬ್ಬರೂ ಜೀಪ್ನಿ ವ್ಯಾನಿನಲ್ಲಿ ಮಂಡಿಗೆ ಮಂಡಿ ತಾಗಿಸಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಬಂದರು.

ಅವ್ವ ಹೊಸಿಲಲ್ಲಿ ಕುಳಿತು ಒಣಮೀನು ಹುರಿಯಲು ಇದ್ದಿಲು ಊದುತ್ತಿದ್ದಳು. ಮರಿ ಅವಳ ಕಾಲ ಬಳಿ ಓಡಾಡುತ್ತಿತ್ತು. ಹಳದಿ ಹೋಗಿ ಕಂದು ಪುಕ್ಕ ಬಂದಿತ್ತು. ಪೆಟ್ಟಿಗೆಯ ಮೇಲೆ ನಿಂತ ಮರಿಯನ್ನು ಕೊಯ್ಯುವಂತಿಲ್ಲ. ಅದು ತಾನಾಗಿ ಬದುಕಿದಷ್ಟು ದಿನ ಬದುಕಬೇಕು. ಜೆನಲಿನ್ ಎಲ್ಲವನ್ನೂ ಹೇಳಿದಳು. ಅವ್ವ ಎದ್ದು ಯಾರಿಗಾದರೂ ಶಾಪ ಹಾಕುತ್ತಾಳೆ, ಒಲ್ಲೆ ಅಂತ ಹೇಳು ಎನ್ನುತ್ತಾಳೆ ಎಂದುಕೊಂಡಿದ್ದಳು. ಹಾಗೆ ಅಂದುಬಿಟ್ಟರೆ ತನ್ನ ಹೆಗಲು ಹಗುರವಾಗುತ್ತದೆ ಎಂಬ ಆಸೆಯೂ ಇತ್ತು.

ಅವ್ವ ಇದ್ದಿಲು ಊದುವುದನ್ನು ನಿಲ್ಲಿಸಲಿಲ್ಲ. "ಹಾಡು," ಅಂದಳು.

"ಅವ್ವಾ?"

"ಹಾಡು ಅಂದೆ. ನಂಗವನ ದನಿ ಬೇಕು. ಬೆಳಿಗ್ಗೆ ಎದ್ರೆ ಬಚ್ಚಲ ಕಡೆ ಕಿವಿ ಹೋಗ್ತದೆ. ಹಾಳು ಬಕೆಟ್ಟು ಸುಮ್ನೆ ಕುಂತದೆ. ನ್ಯಾಯ ಅಂತೆ ನ್ಯಾಯ! ನ್ಯಾಯ ಬಂದು ನನ್ನ ಅವ್ವಾ ಅಂತ ಕರೀತದಾ?"

ಮರಿ ತಂದಿಟ್ಟ ಕೈಯೇ ಇದು. ಆ ಕೈ ಈಗ ಇದ್ದಿಲಿನ ಮೇಲೆ ಒಣಮೀನು ಇಡುತ್ತಿತ್ತು. ಜೆನಲಿನಳಿಗೆ ಅವ್ವನ ಮೇಲೆ ಕೋಪ ಬಂತು, ಮರುಕ್ಷಣವೇ ಆ ಕೋಪದ ಮೇಲೆ ನಾಚಿಕೆ ಬಂತು. ಶನಿವಾರ ಬರ್ತೀನಿ ಎಂದು ಜಿಗ್ಸನಿಗೆ ಹೇಳಿಕಳಿಸಿದಳು.

ಶನಿವಾರ ಮಧ್ಯಾಹ್ನ. ಬಂದರಿನ ಪಕ್ಕದ ಬಾಸ್ಕೆಟ್‌ಬಾಲ್ ಅಂಕಣದ ತಗಡಿನ ಚಾವಣಿ ಕೆಳಗೆ ವೇದಿಕೆ. ಎತ್ತ ನೋಡಿದರೂ ತಿಬುವಿನ ಮುಖ. ಬ್ಯಾನರಿನಲ್ಲಿ ಅವನೇ, ಬೀಸಣಿಗೆಯಲ್ಲಿ ಅವನೇ. ಬಂದವರಿಗೆಲ್ಲ ಒಂದೊಂದು ಚೀಲ, ಚೀಲದ ಮೇಲೂ ಅವನೇ. ಒಳಗೆ ಅಕ್ಕಿ ಮತ್ತು ಡಬ್ಬಿ ಮೀನು. ಮೀನು ಹೊತ್ತು ಹೊತ್ತು ಬೆನ್ನು ಮುರಿದುಕೊಂಡವರಿಗೆ ಡಬ್ಬಿ ಮೀನು ಕೊಟ್ಟು ಕೈಮುಗಿಸಿಕೊಳ್ಳುವ ದೊರೆ! ಟಬ್ಬು ಎಳೆಯುವವರೆಲ್ಲ ಸಾಲಾಗಿ ನಿಂತಿದ್ದರು. ಬರದಿದ್ದರೆ ನಾಳೆ ಗೇಟಿನೊಳಗೆ ಬಿಡುವುದಿಲ್ಲ ಎಂದು ಮೇಸ್ತ್ರಿಗಳು ಹೇಳಿಕಳಿಸಿದ್ದರು. ಮುಂದಿನ ಸಾಲಿನಲ್ಲಿ, ಕ್ಯಾಮೆರಾದ ಕಣ್ಣಿಗೆ ಬೀಳುವಲ್ಲಿ, ಅವ್ವನನ್ನು ಕೂರಿಸಿದ್ದರು. ಸತ್ತವನ ತಾಯಿ. ಅವಳ ಮಡಿಲಲ್ಲೂ ಒಂದು ಚೀಲವಿತ್ತು.

ವೇದಿಕೆಯ ಮೆಟ್ಟಿಲ ಬಳಿ ಜಿಗ್ಸ್ ಜೆನಲಿನಳಿಗೆ ತಿಬುವಿನ ಮುಖವಿದ್ದ ಟೀ-ಷರ್ಟು ಕೊಟ್ಟ. "ಹಾಕ್ಕೊಳಮ್ಮ. ಮತ್ತೆ ಆ ಕೈಗೆ ಒಂಚೂರು ಇದು," ಎಂದು ಅತ್ತರಿನ ಸೀಸೆ ಚಾಚಿದ. "ಬಾಸ್ ಕೈ ಕುಲುಕ್ತಾರೆ."

ಅವಳು ಟೀ-ಷರ್ಟು ಹಾಕಿಕೊಂಡಳು. ಕೈ ಚಾಚಿದಳು. ಅವನು ಅತ್ತರು ಹೊಡೆದ. ಬಿರುಕುಬಿಟ್ಟ ಬೆರಳುಗಳು ಉರಿದವು.

ತಿಬು ಬಂದ. ಬೆವರಿದ ದಪ್ಪ ಕೈಯಿಂದ ಅವಳ ಕೈ ಹಿಡಿದು ಬಿಡದೆ ಮೈಕಿನಲ್ಲಿ ಹೇಳಿದ, "ಈ ತಾಯಿಗೆ ಒಬ್ಬ ಮಗ ಹೋದ, ಆದ್ರೆ ನಾನಿದೀನಿ, ನಾನೂ ಮಗನೇ!" ಚಪ್ಪಾಳೆ ಹೊಡೆಯಿರಿ ಎಂದು ಯಾರೋ ಸನ್ನೆ ಮಾಡಿದರು. ಚಪ್ಪಾಳೆ ಬಂತು.

ಹಾಡು ಶುರುವಾಯಿತು. ಪಿಯಾನೊ ಅತ್ತಿತು. ಆಮೇಲೆ ಎಲ್ಮರ್ ಮಾತಾಡಿದ. ತಗಡಿನ ಚಾವಣಿ ತುಂಬ ಅವನದೇ ದನಿ.

ಐಸು ನಮ್ಮದಲ್ಲ, ಮೀನು ನಮ್ಮದಲ್ಲ, ಬೆನ್ನು ಮಾತ್ರ ನಮ್ಮದು, ಅದೂ ನೆಟ್ಟಗಿಲ್ಲ.

ಮುಂದಿನ ಸಾಲಲ್ಲಿ ಅವ್ವ ಕಣ್ಣು ಮುಚ್ಚಿದ್ದಳು. ಅವಳ ತುಟಿ ಮಗನ ಜೊತೆಗೆ ಆಡುತ್ತಿತ್ತು. ಬೈದೂ ಬೈದೂ ಬಾಯಿಪಾಠವಾಗಿದ್ದ ಪದ. ದನಿ ಮುಂದಿನ ಮಾತಿಗೆ ಹೋಯಿತು. ಅವ್ವನ ತುಟಿ ಬೇರೆ ಮಾತಿಗೆ ಹೋಯಿತು. ಅವಳ ತುಟಿಯಲ್ಲಿ ಸರಪಳಿ. ಚಾವಣಿಯಲ್ಲಿ ಮಗನ ಹಳೆಯ ಇನ್ಯಾವುದೋ ಹಾಡಿನಿಂದ ಕಿತ್ತು ತಂದು ಅಂಟಿಸಿದ ಸಾಲು: ಬೆಳಗಾಯ್ತು ತಮ್ಮಾ, ಎದ್ದೇಳು, ಒಳ್ಳೇ ದಿನ ಬಂದ್ವು.

ಅವ್ವ ಕಣ್ಣು ತೆರೆದಳು.

ಪದ ಮುಗಿಯಿತು. ಪ್ರಚಾರದ ಹಾಡಿನ ತಾಳ ಶುರುವಾಯಿತು. ಜೆನಲಿನ್ ಮೈಕು ಬಾಯಿಯ ಹತ್ತಿರ ತಂದಳು. ತಿಬು ಆಗಲೇ ಕೈ ಮೇಲೆತ್ತಿ ನಿಂತಿದ್ದ. ಜಿಗ್ಸ್ ಕೆಳಗಿನಿಂದ ಬೆರಳು ತಿರುಗಿಸಿದ, ಹಾಡು, ಹಾಡು. ಅವಳು ಅವ್ವನನ್ನು ನೋಡಿದಳು. ಅವ್ವ ಮಡಿಲಿನ ಚೀಲವನ್ನು ಎತ್ತಿ ನೆಲಕ್ಕಿಟ್ಟು, ಕಾಲಿಂದ ಪಕ್ಕಕ್ಕೆ ನೂಕಿದಳು.

ಅಷ್ಟು ಸಾಕಾಯಿತು. ಜೆನಲಿನ್ ಮೈಕನ್ನು ಕೆಳಗಿಳಿಸಿದಳು.

"ಶುರು ಮಾಡು," ದಿಯೊನಿ ಪಕ್ಕದಿಂದ ಪಿಸುಗುಟ್ಟಿದ. ಅವನ ಕೆನ್ನೆಯಲ್ಲಿ ಬೆವರು ಹರಿಯುತ್ತಿತ್ತು. "ಅಕ್ಕಾ, ಅಳಿಸಿಬಿಡ್ತಾನೆ. ಎಲ್ಮರ್ ಹೋಗ್ಬಿಡ್ತಾನೆ."

"ಅದ್ರಲ್ಲಿರೋನು ಎಲ್ಮರ್ ಅಲ್ಲ," ಅಂದಳು. ಮೈಕನ್ನು ನೆಲದ ಮೇಲಿಟ್ಟಳು. ಮೈಮೇಲಿನ ಟೀ-ಷರ್ಟನ್ನು ತಲೆಯ ಮೇಲಿಂದ ಎಳೆದು, ಮುದ್ದೆ ಮಾಡಿ, ತಿಬುವಿನ ಕಾಲ ಬಳಿ ಹಾಕಿದಳು. ಒಳಗೆ ಅವಳ ಹಳೆಯ ಅಂಗಿಯಿತ್ತು, ಮೀನು ವಾಸನೆಯದು. ತಾಳ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು, ಹಾಡುವವರಿಲ್ಲ. ಯಾರೋ ಅದನ್ನೂ ನಿಲ್ಲಿಸಿದರು. ಅಂಕಣದಲ್ಲಿ ಬೀಸಣಿಗೆಗಳ ಸದ್ದೂ ನಿಂತಿತು. ಮೇಸ್ತ್ರಿಗಳು ವೇದಿಕೆಯ ಕಡೆ ಹೆಜ್ಜೆ ಹಾಕತೊಡಗಿದರು. ಜೆನಲಿನ್ ನಿಂತ ಜಾಗ ಬಿಡಲಿಲ್ಲ.

ಆಗ ಅವ್ವ, ಕುಳಿತಲ್ಲಿಂದಲೇ, ತುಟಿ ಚೂಪು ಮಾಡಿ ಅಂದಳು:

"ಚಿಂವ್."

ಮೇಸ್ತ್ರಿಗಳು ನಿಂತರು.

"ಚಿಂವ್. ಚಿಂವ್."

ಹಿಂದಿನಿಂದ ಯಾರೋ ಗಂಡಸು, ಮೀಸೆ ಹೊತ್ತವನು, ಅವನೂ ಅಂದ. ಅವನ ಪಕ್ಕದವನು ಅಂದ. ಟಬ್ಬು ಎಳೆಯುವವರು, ಕಂಬದಂಥ ತೋಳಿನವರು, ಬೆನ್ನು ಸೊಟ್ಟಗಾದವರು, ಮೀನು ಕೊಯ್ಯುವ ಹೆಂಗಸರು, ಎಲ್ಲರೂ ತುಟಿ ಚೂಪು ಮಾಡಿದರು. ಒಬ್ಬನಾದರೂ ಕೂಗಲಿಲ್ಲ, ಒಬ್ಬನಾದರೂ ಬೈಯಲಿಲ್ಲ. ಬೈದಿದ್ದರೆ ಹಿಡಿದು ಹಾಕಬಹುದಿತ್ತು. ಕೋಳಿಮರಿಯಂತೆ ಸದ್ದು ಮಾಡಿದವನನ್ನು ಯಾವ ಕಾನೂನಿನಲ್ಲಿ ಹಿಡಿಯುತ್ತೀರಿ? ಇಡೀ ತಗಡಿನ ಚಾವಣಿ ಚಿಂವ್‌ಗುಟ್ಟಿತು. ಯಾರೋ ಚೀಲದಿಂದ ಡಬ್ಬಿ ತೆಗೆದು ಕಂಬಕ್ಕೆ ಬಡಿದರು, ಟಕ್ ಟಕ್. ಮೊದಲು ನಗು ಬಂದವರಿಗೂ ಆಮೇಲೆ ಮೈ ಜುಮ್ಮೆಂದಿತು. ದಿಯೊನಿ ಬೆವರು ಒರೆಸಿಕೊಂಡ. ಬಗ್ಗಿ, ಅವಳು ಕೆಳಗಿಟ್ಟ ಮೈಕನ್ನು ಎತ್ತಿ, ಜನರ ಕಡೆಗೆ ಹಿಡಿದ.

ಎತ್ತಿದ್ದ ಕೈಯನ್ನು ತಿಬು ಮೆಲ್ಲಗೆ ಇಳಿಸಿದ. ಅದು ತಾನಾಗಿ ಎದೆಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಕಳ್ಳ ಎಂದೂ ಅಂದಿರಲಿಲ್ಲ. ಅವನು ತನ್ನ ಮೈಕಿಗೆ ಬಾಯಿಟ್ಟು ಕಿರುಚಿದ:

"ಅಪಘಾತ ಕಣ್ರೋ ಅದು! ಸರಪಳಿ ಹಳೇದಾಗಿತ್ತು, ಅದಕ್ಕೆ ನಾನೇನ್ ಮಾಡ್ಲಿ?"

ಸದ್ದು ನಿಂತಿತು.

ಕುಡಿದಿದ್ದ, ಜಾರಿ ಬಿದ್ದ ಎಂದವರ ಯಜಮಾನ, ಯಾರೂ ಕೇಳದೆಯೇ, ಸರಪಳಿ ಹಳೆಯದಾಗಿತ್ತು ಎಂದಿದ್ದ. ದೊಡ್ಡ ಸ್ಪೀಕರುಗಳು ಅದನ್ನು ಬಂದರಿನ ದೋಣಿಗಳವರೆಗೂ ಕೊಂಡೊಯ್ದವು.

ಅವನು ಜೈಲಿಗೆ ಹೋದನೇ ಎಂದು ಕೇಳಬೇಡಿ. ನೀವೂ ಇದೇ ಲೋಕದಲ್ಲಿರುವವರು. ಜಿಗ್ಸ್ ಅಂದೇ ಗುಂಡಿ ಒತ್ತಿದ. ಇಡೀ ಆಲ್ಬಂ ಹೋಯಿತು. ಎಲ್ಮರನ ದನಿ ಹೋಯಿತು. ಜೆನಲಿನಳಿಗೂ ದಿಯೊನಿಗೂ ಬಂದರಿನ ಗೇಟು ಮುಚ್ಚಿತು. ದಿಯೊನಿಗೆ ಯಾರೋ ಹೊಡೆದು ಹಲ್ಲು ಉದುರಿಸಿದರು. ಜೆನಲಿನ್ ಈಗ ಬೀದಿಬದಿಯಲ್ಲಿ ಮೀನು ಹುರಿದು ಮಾರುತ್ತಾಳೆ. ದನಿ ಹೋದ ದಿನ ಅವಳು ಬಚ್ಚಲಲ್ಲಿ ಕುಳಿತು, ಆ ಬಕೆಟ್ಟನ್ನು ತಬ್ಬಿಕೊಂಡು, ಗಂಟಲು ಹರಿಯುವಂತೆ ಅತ್ತಳು. ಅದು ಸುಳ್ಳಲ್ಲ.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. ಅತ್ತು ಮುಗಿಯಲಿ ಎಂದು ಕಾದಳು.

"ಅವನ ದನಿ ಹೋಯ್ತು. ಮಾತು ಎಲ್ಲಿ ಹೋಯ್ತು?" ಅಂದಳು. "ಮಾತು ನಂಗೆ ಬರ್ತದೆ. ದಿಯೊನಿನ ಕರಿ."

ಮನೆಯ ಬಟ್ಟೆ ಬೀರು ಖಾಲಿ ಮಾಡಿದರು. ಒಳಗೆ ಕಂಬಳಿ ಹೊದಿಸಿದರು. ಅದೇ ಇನ್ನು ಅವರ ಸ್ಟುಡಿಯೊ. ದಿಯೊನಿ ಎರವಲು ತಂದ ಫೋನನ್ನು ಮೊಳೆಗೆ ಕಟ್ಟಿದ. ಮೊದಲ ಹಾಡಿನಿಂದ ಮತ್ತೆ ಶುರು ಮಾಡಿದರು. ಹಲ್ಲಿಲ್ಲದ ಬಾಯಲ್ಲಿ ದಿಯೊನಿಯ ಪದ ಶಿಳ್ಳೆ ಹೊಡೆದಂತೆ ಬಂತು. ಇರಲಿ ಬಿಡು, ಹೊಡೆದವನಿಗೂ ಕೇಳಲಿ ಅಂದ. ಜಿಗ್ಸನಿಗೆ ಗಲೀಜು ಅನ್ನಿಸುವ ಸದ್ದುಗಳೆಲ್ಲ ಒಳಗೆ ಬಂದವು. ನಾಯಿ, ಜೀಪ್ನಿ, ಪಕ್ಕದ ಮನೆಯ ಮಗು. ಯಾವುದನ್ನೂ ತೆಗೆಯಲಿಲ್ಲ.

ಕೊನೆಯ ಹಾಡಿನ ದಿನ ಮರಿ ಮರಿಯಾಗಿ ಉಳಿದಿರಲಿಲ್ಲ. ಕೊಕ್ ಕೊಕ್ ಎನ್ನುವ ಹೇಂಟೆಯಾಗಿ ಹೊಸಿಲಲ್ಲಿ ಓಡಾಡುತ್ತಿತ್ತು. ಹಾಗಾಗಿ ಟಬ್ಬು ಎಳೆಯುವವರು ಪಾಳಿ ಮುಗಿಸಿ ಬಂದರು. ಒದ್ದೆ ಬೂಟು ಹೊರಗೆ ಬಿಟ್ಟರು. ಅಷ್ಟು ದೊಡ್ಡ ಗಂಡಸರು ಬೀರುವಿನ ಸುತ್ತ ಕುಕ್ಕರಗಾಲಲ್ಲಿ ಕುಳಿತು, ತುಟಿ ಚೂಪು ಮಾಡಿದರು. ಚಿಂವ್ ಚಿಂವ್. ಜೆನಲಿನ್ ಎಲ್ಮರನ ಬಕೆಟ್ಟು ಬಡಿದಳು.

ಅವ್ವ ಬೀರುವಿನೊಳಗೆ ತಲೆ ತೂರಿಸಿದಳು. ಗಂಟಲು ಸರಿ ಮಾಡಿಕೊಂಡಳು. ಮಗನ ಹಾಗೆ ವೇಗವಾಗಿ ಹೇಳಲು ಅವಳಿಗೆ ಬರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆಯುವಂತೆ ಒಂದೊಂದೇ ಮಾತು ಆಯ್ದು ಹೇಳಿದಳು. ಐಸು ನಮ್ಮದಲ್ಲ, ಮೀನು ನಮ್ಮದಲ್ಲ. ಬೆನ್ನಿನ ಸಾಲು ಹೇಳಿದಳು. ಸರಪಳಿಯ ಸಾಲು ಹೇಳಿದಳು. ನಾಳೆ ಬಿದ್ರೆ ಹೇಳ್ತಾನೆ ಜಾರಿ ಬಿತ್ತು ಅಂತ.

ಹೊರಗೆ ಗಂಡಸರು ಚಿಂವ್‌ಗುಟ್ಟುತ್ತಲೇ ಇದ್ದರು. ಜೆನಲಿನಳ ಕೈ ಬಕೆಟ್ಟಿನ ಮೇಲೆ ತಾಳ ಬಿಡಲಿಲ್ಲ. ಕೊನೆಯ ಸಾಲನ್ನು ಅವ್ವ ಮಗ ಕಟ್ಟಿದ ಹಾಗೆ ಹೇಳಲಿಲ್ಲ.

"ನಾನು ಅವ್ವ. ಕೇಳ್ತಿದೀನಿ. ಜಾರಿಸಿದ್ದು ಯಾರು?"